ಚಿಲಕ ಹಾಕಿಸಿದ ಮೇಲೆ ಬಂದವರು

ನಮ್ಮ ಉಪಕೇಂದ್ರದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಶುರು ಮಾಡಿದ ದಿನ ಬಂದವರು ನಾಲ್ಕೇ ಜನ. ಆಶಾ ಅಕ್ಕ ಮನೆಮನೆಗೂ ಹೋಗಿ ಹೇಳಿ ಬಂದಿದ್ದರು. ಬಂದ ನಾಲ್ವರೂ ಬಿ.ಪಿ., ಶುಗರ್ ನೋಡಿಸಿಕೊಂಡು ಎದ್ದರು. ಒಬ್ಬಾಕೆ ಹೊಸಿಲ ಹತ್ತಿರ ನಿಂತು ಮೆಲ್ಲಗೆ ಅಂದರು: "ಸಿಸ್ಟರ್, ಆ ರೂಮಿಗೆ ಚಿಲಕನೇ ಇಲ್ವಲ್ಲ."

ನಿಜ, ಇರಲಿಲ್ಲ. ಅಲ್ಲಿ ಇಂಜೆಕ್ಷನ್ ಕೊಡುತ್ತಿದ್ದೆವು, ಯಾರು ಬೇಕಾದರೂ ಬಾಗಿಲು ತಳ್ಳಿಕೊಂಡು ಬರುತ್ತಿದ್ದರು. ಮಾರನೇ ದಿನವೇ ಬಡಗಿಯನ್ನು ಕರೆಸಿ ಒಳಗಿನಿಂದ ಚಿಲಕ ಹಾಕಿಸಿದೆ. ಕಿಟಕಿಗೆ ನನ್ನ ಹಳೇ ಸೀರೆ ಕಟ್ಟಿದೆ. ಬೆಳಗಿನ ಹೊತ್ತು ಬಿಟ್ಟು ಮಧ್ಯಾಹ್ನ ಎರಡು ಗಂಟೆ ಮೇಲೆ ಬನ್ನಿ ಅಂದೆ. ಹಾಲು ಕರೆದು, ಅಡುಗೆ ಮಾಡಿ, ದನ ಕಟ್ಟಿ ಬರಬೇಕಲ್ಲ ಅವರು.

ಪರೀಕ್ಷೆ ಬಹಳ ಸರಳ. ಅಸಿಟಿಕ್ ಆಸಿಡ್ ಅಂದರೆ ಹೆದರಬೇಡಿ, ವಿನೆಗರ್‌ನಲ್ಲಿ ಇರುವುದೂ ಅದೇ. 95 ಎಂ.ಎಲ್. ಡಿಸ್ಟಿಲ್ಡ್ ವಾಟರ್‌ಗೆ 5 ಎಂ.ಎಲ್. ಗ್ಲೇಶಿಯಲ್, ಅಂದರೆ ನೀರು ಬೆರೆಸದ ಅಸಿಟಿಕ್ ಆಸಿಡ್. ನೀರಿಗೇ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಆಯಾ ದಿನದ್ದು ಆಯಾ ದಿನವೇ ಕಲಸುತ್ತೇನೆ. ಸ್ಪೆಕ್ಯುಲಮ್, ಅಂದರೆ ಒಳಗೆ ಕಾಣುವ ಹಾಗೆ ಯೋನಿಯನ್ನು ಅಗಲಿಸಿ ಹಿಡಿಯುವ ಲೋಹದ ಸಾಧನ ಇಟ್ಟು, ಹತ್ತಿಯಲ್ಲಿ ಅದನ್ನು ಗರ್ಭಕೋಶದ ಬಾಯಿಗೆ ಹಚ್ಚಿ, ಪೂರ್ತಿ ಒಂದು ನಿಮಿಷ ಕಾಯಬೇಕು. ಆ ಒಂದು ನಿಮಿಷ ಅವರಿಗೆ ಬಲು ಉದ್ದ. ಅದಕ್ಕೇ ಮಾತಾಡಿಸುತ್ತಾ ಇರುತ್ತೇನೆ, ಎಮ್ಮೆ ಎಷ್ಟು ಹಾಲು ಕೊಡುತ್ತೆ, ಸಂಘದ ಸಾಲ ತೀರಿತಾ ಅಂತ. ಆಮೇಲೆ ಟಾರ್ಚ್ ಹಾಕಿ ನೋಡುತ್ತೇನೆ. ಗುಲಾಬಿ ಬಣ್ಣ ಹಾಗೇ ಇದ್ದರೆ ಸರಿ. ಒಂದು ಕಡೆ ಅಂಚು ಎದ್ದು ಕಾಣುವ ಹಾಗೆ ದಟ್ಟವಾಗಿ ಬೆಳ್ಳಗಾದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ.

ಬಿಳಿ ಕಂಡ ತಕ್ಷಣ ಕ್ಯಾನ್ಸರ್ ಅಂತಲ್ಲ. ಸೋಂಕು ಇದ್ದರೂ ಬೆಳ್ಳಗಾಗಬಹುದು. ಇದನ್ನು ಪರೀಕ್ಷೆಗೆ ಮೊದಲೇ ಹೇಳಬೇಕು ಅನ್ನುವುದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಬ್ಬರಿಗೆ ನೋಡಿದ ಮೇಲೆ ಹೇಳಲು ಹೋದೆ. ಅಷ್ಟರಲ್ಲಿ ಆಕೆಗೆ ಕಿವಿಯೇ ಕೇಳಿಸದ ಹಾಗಾಗಿತ್ತು, ಮೂರು ದಿನ ಊಟ ಬಿಟ್ಟರಂತೆ. ಕೊನೆಗೆ ನಾನೇ ಬಸ್ಸಿನಲ್ಲಿ ಜೊತೆಗೆ ಹೋದೆ. ಅಲ್ಲಿ ಕಾಲ್ಪೊಸ್ಕೋಪ್ ಅನ್ನುವ, ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿ, ಕ್ಯಾನ್ಸರ್ ಆಗುವ ಮುಂಚಿನ ಹಂತ ಅಂದರು. ಬಿಸಿ ತಾಗಿಸಿ ಆ ಜಾಗ ಸುಟ್ಟರು. ಸಂಜೆ ಬಸ್ಸಿಗೇ ವಾಪಸ್ ಬಂದೆವು, ದಾರಿಯಲ್ಲಿ ಆಕೆಯೇ ಕಡ್ಲೆಕಾಯಿ ಕೊಡಿಸಿದರು.

"ನೀವು ಮಾಡಿಸ್ಕೊಂಡಿದೀರಾ?" ಅಂತ ಒಬ್ಬರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗಾಗ 38. ಆ ವಾರವೇ ಪಕ್ಕದ ಕೇಂದ್ರದ ಸಿಸ್ಟರ್ ಕೈಲಿ ಮಾಡಿಸಿಕೊಂಡೆ. ಲೋಹ ತಣ್ಣಗಿದ್ದರೆ ಮೈ ಹೇಗೆ ಬಿಗಿಯಾಗುತ್ತೆ ಅಂತ ಆಗ ಗೊತ್ತಾಯಿತು. ಈಗ ಸ್ಪೆಕ್ಯುಲಮ್ ಅನ್ನು ಬೆಚ್ಚಗಿನ ನೀರಲ್ಲಿ ಅದ್ದಿಯೇ ಇಡುತ್ತೇನೆ.

ಎಲ್ಲರಿಗೂ ಇದೇ ಪರೀಕ್ಷೆ ಅಲ್ಲ. ಗರ್ಭಿಣಿಯರಿಗೆ, ಮುಟ್ಟಿನ ದಿನಗಳಲ್ಲಿ ಇರುವವರಿಗೆ ಮಾಡುವುದಿಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತೆ, ಅವರಿಗೆ ಈ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್.ಪಿ.ವಿ. ಪರೀಕ್ಷೆ ಆಗುವ ಕಡೆಗೆ ಬರೆದುಕೊಡುವುದೇ ವಾಸಿ. "ಗರ್ಭಕೋಶ ತೆಗ್ಸಿದೀನಿ, ನಂಗೇನ್ ಪರೀಕ್ಷೆ?" ಅನ್ನುವವರೂ ಜಾಸ್ತಿ. ಸ್ತನ ಇದೆಯಲ್ಲಮ್ಮ, ಬಿ.ಪಿ. ಇದೆಯಲ್ಲ ಅಂತ ಕೂರಿಸುತ್ತೇನೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಬನ್ನಿ ಅನ್ನುವುದನ್ನಂತೂ ಅಜ್ಜಿಯರಿಗೆ ಬಿಡದೆ ಹೇಳುತ್ತೇನೆ. ಅದಕ್ಕೆ ಮುಂದಿನ ತಪಾಸಣೆವರೆಗೆ ಕಾಯುವ ಹಾಗಿಲ್ಲ.

ಹೈಸ್ಕೂಲ್ ಹುಡುಗಿಯರಿಗೆ ಹಿಮೋಗ್ಲೋಬಿನ್ ನೋಡುತ್ತೇನೆ. 12ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತಲೇ ಲೆಕ್ಕ, ಗರ್ಭಿಣಿಯರಿಗೆ ಅದು 11. ಗರ್ಭಿಣಿಯರ ದೊಡ್ಡ ತಕರಾರು ಶುಗರ್ ಪರೀಕ್ಷೆಗೆ ಕುಡಿಯುವ ಗ್ಲೂಕೋಸ್ ನೀರು. 75 ಗ್ರಾಂ ಪುಡಿ, 300 ಎಂ.ಎಲ್. ನೀರು, ಎರಡು ಗಂಟೆ ಬಿಟ್ಟು ರಕ್ತ. ಖಾಲಿ ಹೊಟ್ಟೆ ಬೇಕಿಲ್ಲ. ಅರ್ಧ ಗಂಟೆ ಒಳಗೆ ವಾಂತಿಯಾದರೆ ಮತ್ತೆ ನಾಳೆ. ಗಟಗಟ ಕುಡಿದವರೇ ವಾಂತಿ ಮಾಡೋದು, ಅದಕ್ಕೆ ಐದು ಹತ್ತು ನಿಮಿಷ ಗುಟುಕು ಗುಟುಕಾಗಿ ಕುಡಿಸುತ್ತೇನೆ. ಮೊದಲ ಸಲ ಸರಿ ಇದ್ದರೂ ಆರನೇ ತಿಂಗಳ ಹೊತ್ತಿಗೆ ಇನ್ನೊಂದು ಸಲ ಮಾಡಲೇಬೇಕು.

ಗರ್ಭಕೋಶದ ಬಾಯಿಯದ್ದು ಸರಿ ಇದ್ದರೆ ಮತ್ತೆ ಐದು ವರ್ಷಕ್ಕೆ. ಚೀಟಿಯಲ್ಲಿ ಬರೆದುಕೊಟ್ಟರೆ ಕಳೆದುಹೋಗುತ್ತೆ. ಹಾಗಾಗಿ ಮಕ್ಕಳ ಕ್ಲಾಸಿನ ಲೆಕ್ಕದಲ್ಲಿ ಹೇಳುತ್ತೇನೆ. ಮೊನ್ನೆ ಒಬ್ಬರಿಗೆ, "ಮಗ ಈಗ ಐದನೇ ಕ್ಲಾಸಲ್ವಾ, ಎಸ್ಸೆಸ್ಸೆಲ್ಸಿಗೆ ಬಂದಾಗ ಬನ್ನಿ" ಅಂದೆ.

"ಅವ್ನು ಮಧ್ಯ ಫೇಲಾದ್ರೆ?"

"ನೀವು ಬನ್ನಿ" ಅಂದೆ.