ಗಸಗಸೆ ಮರಕ್ಕೆ ಬಂದದ್ದು ಗಿಡುಗವಲ್ಲ

ಮೈಸೂರಿನ ನಮ್ಮ ಮನೆಯ ಹಿಂದೆ ಒಂದು ಗಸಗಸೆ ಹಣ್ಣಿನ ಮರವಿದೆ. ಯುಗಾದಿ ಹತ್ತಿರವಿದ್ದ ಒಂದು ಬೆಳಿಗ್ಗೆ ಅದರಲ್ಲಿ ಹೊಸ ಹಕ್ಕಿಯೊಂದು ಕೂತಿತ್ತು. ಕಂದು ಮೈ, ಬೆನ್ನು ರೆಕ್ಕೆಗಳ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಹೊಟ್ಟೆಗೆ ಅಡ್ಡಪಟ್ಟೆ, ಕೆಂಪು ಕಣ್ಣು. ನೋಡುತ್ತಿದ್ದಂತೆ ಎರಡು ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋದವು. "ಗಿಡುಗ ಇರ್ಬೇಕು ಕಣೋ" ಅಂದರು ಅಮ್ಮ. ನಾನೂ ನೋಟ್‌ಬುಕ್ಕಿನಲ್ಲಿ ಶಿಕ್ರಾ, ಅಂದರೆ ಸಣ್ಣ ಜಾತಿಯ ಗಿಡುಗ, ಎಂದೇ ಬರೆದುಕೊಂಡೆ.

ಮರುದಿನ ಅದೇ ಹಕ್ಕಿ ಗಸಗಸೆ ಹಣ್ಣನ್ನು ಒಂದೊಂದಾಗಿ ಕಿತ್ತು ನುಂಗುತ್ತಿತ್ತು. ಓತಿಕ್ಯಾತ ಹಿಡಿದು ತಿನ್ನುವ ಶಿಕ್ರಾಗೆ ಹಣ್ಣಿನ ಮೇಲೇಕೆ ಆಸೆ? ಬೈನಾಕ್ಯುಲರ್ ತಂದು ಮೊದಲು ಕೊಕ್ಕು ನೋಡಿದೆ. ಶಿಕ್ರಾ ಕೊಕ್ಕು ಕೊಕ್ಕೆಯಂತೆ ಕೆಳಕ್ಕೆ ಬಾಗಿ ಚೂಪಾಗಿರುತ್ತದೆ, ಬುಡದಲ್ಲಿ ಹಳದಿ. ಇದರದು ದಪ್ಪ, ಮಾಸಲು ಹಸಿರು. ಕಾಲು ನೋಡಿದೆ: ಹಳದಿಯಲ್ಲ, ಬೂದು, ಉದ್ದ ಉಗುರಿಲ್ಲ, ಎರಡು ಬೆರಳು ಮುಂದೆ, ಎರಡು ಹಿಂದೆ. ಗಾತ್ರ ಕಾಗೆಯಷ್ಟೇ, ಆದರೆ ಸಪೂರ, ಬಾಲ ಉದ್ದ. ಕಣ್ಣೊಂದನ್ನೇ ನಂಬಿದ್ದರೆ ಮೋಸಹೋಗುತ್ತಿದ್ದೆ, ಗಂಡು ಶಿಕ್ರಾಗೂ ಕೆಂಪು ಕಣ್ಣೇ.

ಅಷ್ಟರಲ್ಲಿ ಮಿರಿಮಿರಿ ಕರಿಯ ಹಕ್ಕಿಯೊಂದು ಪಕ್ಕದ ಕೊಂಬೆಗೆ ಬಂತು. ಅದೇ ಕೊಕ್ಕು, ಅದೇ ಕೆಂಪು ಕಣ್ಣು. "ಕುಹೂ" ಎಂದಿತು. ಚುಕ್ಕೆಯದು "ಕಿಕ್ ಕಿಕ್ ಕಿಕ್" ಎನ್ನುತ್ತಾ ಹಾರಿಹೋಯಿತು. ಹೆಣ್ಣು ಕೋಗಿಲೆ! ಚಿಕ್ಕಂದಿನಿಂದ ಕೋಗಿಲೆಯೆಂದರೆ ಕಪ್ಪು ಎಂದೇ ಕಲಿತಿದ್ದೆ. ಮಾವಿನ ಚಿಗುರಿನ ಜೊತೆ ನಾವು ನೆನೆಯುವ ಆ ಇಂಪು ಗಂಡಿನದು ಎಂಬುದನ್ನೂ ಅಂದೇ ಕಣ್ಣಾರೆ ಕಂಡೆ.

ಆಮೇಲೆ ಓದಿದಾಗ ಇನ್ನೊಂದು ಸಂಗತಿ ಸಿಕ್ಕಿ ಬಹಳ ಸಂತೋಷವಾಯಿತು. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಕೋಗಿಲೆಗೆ ಕೊಟ್ಟ 'ಸ್ಕೊಲೊಪೇಸಿಯಸ್' ಎಂಬ ವೈಜ್ಞಾನಿಕ ಹೆಸರಿಗೆ ವುಡ್‌ಕಾಕ್ ಎಂಬ ಕಂದು ಹಕ್ಕಿಯಂಥದ್ದು ಎಂದು ಅರ್ಥ. ಕಪ್ಪು ಗಂಡಿಗೆ ಅದು ಒಪ್ಪುವುದೇ ಇಲ್ಲ, ಒಪ್ಪುವುದು ಈ ಚುಕ್ಕೆಯವಳಿಗೇ.

ಕಾಗೆಗಳ ಸಿಟ್ಟಿಗೂ ಕಾರಣ ತಿಳಿಯಿತು. ಕೋಗಿಲೆ ಮೊಟ್ಟೆಯಿಡುವುದು ಅವುಗಳ ಗೂಡಿನಲ್ಲಿ. ಈಗ ಹಿತ್ತಲಲ್ಲಿ ಕಾಗೆಗಳ ಗಲಾಟೆ ಎದ್ದರೆ ಅಮ್ಮನೇ ಅಡುಗೆಮನೆಯಿಂದ ಕೂಗುತ್ತಾರೆ: "ಬಂದ್ಲು ನೋಡೋ ನಿನ್ನ ಚುಕ್ಕೆಯವಳು!"