ಹೆಳವರಿಲ್ಲದ ಊರಲ್ಲಿ ಮನೆತನ ಹುಡುಕುವ ಬಗೆ

ಒಹಾಯೊದ ಮೇಸನ್‌ನಲ್ಲಿ ನಾವಿರುವ ಬಡಾವಣೆ ಹಿಂದೆ ಮೆಕ್ಕೆಜೋಳದ ಹೊಲವಾಗಿತ್ತಂತೆ. ವಾಕಿಂಗ್ ದಾರಿ ಮುಗಿಯುವಲ್ಲಿ ತಂತಿಬೇಲಿ ಹಾಕಿದ ಪುಟ್ಟ ಜಾಗ ಇದೆ. ಒಳಗೆ ಏಳು ಸಮಾಧಿ ಕಲ್ಲು. ನಾಲ್ಕರ ಮೇಲೆ ಒಂದೇ ಮನೆತನದ ಹೆಸರು, ಉಳಿದವು ಅಳಿಸಿಹೋಗಿವೆ. ದಿನಾ ಅವರ ಪಕ್ಕದಲ್ಲೇ ಹಾದುಹೋಗಿ ಹೋಗಿ, ಇವರು ಯಾರು ಅಂತ ತಿಳಿಯದೆ ಇರುವುದು ಒಂಥರಾ ಅನಿಸತೊಡಗಿತು. ಹಾಗೆ ಶುರುವಾದ ಹುಚ್ಚು ಇದು. ಅಮೆರಿಕದಲ್ಲಿರುವ ಯಾರಿಗಾದರೂ ಇಂಥದೇ ಹುಚ್ಚು ಹತ್ತಿದ್ದರೆ, ನಾನು ಎಡವಿ ಕಲಿತದ್ದು ಸ್ವಲ್ಪ ಉಪಯೋಗಕ್ಕೆ ಬರಬಹುದು.

ಮೊದಲು ಪುಸ್ತಕ. ಇಲ್ಲಿನ ಬಹುಪಾಲು ಹಳೆಯ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಯಂಥವಕ್ಕೆ, ಒಂದೊಂದು ದಪ್ಪ ಇತಿಹಾಸ ಇದೆ. 1876ರಲ್ಲಿ ದೇಶಕ್ಕೆ ನೂರು ವರ್ಷ ತುಂಬಿದಾಗ, ಊರೂರಿನ ಚರಿತ್ರೆ ಬರೆದು ಜುಲೈ 4ರಂದು ಓದಿ ಅಂತ ಅಲ್ಲಿನ ಸಂಸತ್ತೇ ಹೇಳಿತ್ತು. ಅದರ ಹಿಂದೆಯೇ ಪ್ರಕಾಶಕರು ಊರೂರು ಸುತ್ತಿದರು. ನಮ್ಮ ವಾರನ್ ಕೌಂಟಿಯದು 1882ರಲ್ಲಿ ಶಿಕಾಗೋದ ಬೀರ್ಸ್ ಕಂಪನಿ ಹಾಕಿದ್ದು, ಸಾವಿರ ಪುಟದ ಮೇಲಿದೆ. ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್ ಎರಡೂ ಜಾಲತಾಣಗಳಲ್ಲಿ ಇಂಥ ಪುಸ್ತಕ ಪುಕ್ಕಟೆ ಸಿಗುತ್ತವೆ.

ಇವನ್ನು ಹೇಗೆ ಓದಬೇಕು ಅನ್ನುವುದು ನನಗೆ ಹೊಳೆದದ್ದು ನಮ್ಮೂರಿನ ಹೆಳವರನ್ನು ನೆನೆಸಿಕೊಂಡಾಗ. ಗದಗದ ಕಡೆ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಬರುತ್ತಿದ್ದ. ಅಂಗಳದಲ್ಲಿ ನಿಂತು ನಮ್ಮ ಮುತ್ತಜ್ಜನ ಮುತ್ತಜ್ಜನವರೆಗೂ ಹೆಸರು ಹೇಳುತ್ತಿದ್ದ. ಅಜ್ಜಿ ಮೊರದ ತುಂಬ ಜೋಳ ಹಾಕಿದರೆ ಪೂರ್ವಜರೆಲ್ಲ ದಾನಶೂರರು. ಈ ಕೌಂಟಿ ಪುಸ್ತಕಗಳೂ ಅಷ್ಟೇ. ಹಿಂದಿನ ಭಾಗದಲ್ಲಿ ಬರುವ ಮನೆತನದ ಕತೆಗಳು ಹೆಚ್ಚಿನವು ಪುಸ್ತಕಕ್ಕೆ ಮುಂಗಡ ಕೊಟ್ಟವರವು. ಇನ್ನಷ್ಟು ದುಡ್ಡು ಕೊಟ್ಟರೆ ಗಡ್ಡದ ಸಮೇತ ಚಿತ್ರ. ಇವಕ್ಕೆ 'ಮಗ್ ಬುಕ್' ಅಂತ ಅಡ್ಡಹೆಸರೇ ಇದೆ, ಮಗ್ ಅಂದರೆ ಮೂತಿ. ಎಲ್ಲರ ತಾತನೂ ಕಷ್ಟಸಹಿಷ್ಣು, ಎಲ್ಲರ ಅಜ್ಜಿಯೂ ದೈವಭಕ್ತೆ. ದುಡ್ಡು ಕೊಡದವನು ಅಲ್ಲಿ ಇಲ್ಲವೇ ಇಲ್ಲ. ಆದರೆ ಹೆಳವ ಹೇಳಿದ್ದು ಪೂರ್ತಿ ಸುಳ್ಳೂ ಆಗಿರುತ್ತಿರಲಿಲ್ಲ, ಅಲ್ವಾ? ಇದೂ ಹಾಗೇ. ಕತೆ ಹೇಳಿದವನು ತಾನು ಕಂಡ ಅಪ್ಪನ ಬಗ್ಗೆ ಹೇಳಿದ್ದನ್ನು ಸುಮಾರಾಗಿ ನಂಬಿ. ಎಂಬತ್ತು ವರ್ಷ ಹಿಂದೆ ಬಂದ ತಾತನ ಇಸವಿಯನ್ನು ಕಾಗದ ಸಿಗುವವರೆಗೆ ನಂಬಬೇಡಿ.

ಹಳೇ ಮುದ್ರಣಗಳಲ್ಲಿ ಹೆಸರುಪಟ್ಟಿ ಸರಿಯಾಗಿ ಇರುವುದಿಲ್ಲ. ಕಂಪ್ಯೂಟರ್ ಹುಡುಕಾಟವನ್ನೂ ಪೂರ್ತಿ ನಂಬಬೇಡಿ, ಅಕ್ಷರ ತಪ್ಪಾಗಿ ಓದಿರುತ್ತದೆ. ನಿಮ್ಮ ಟೌನ್‌ಶಿಪ್‌ನ (ಕೌಂಟಿಯೊಳಗಿನ ಹೋಬಳಿಯಂಥ ಭಾಗ) ಅಧ್ಯಾಯ ಇಡೀ ಓದಿ. ಅಕ್ಕಪಕ್ಕದವರ ಕತೆಯಲ್ಲಿ ನಿಮಗೆ ಬೇಕಾದವರು ಅಳಿಯನಾಗಿಯೋ ಸೊಸೆಯಾಗಿಯೋ ಇಣುಕುತ್ತಾರೆ. ಊರಿನ ಹಳೇ ಹೆಸರೂ ಗೊತ್ತಿರಬೇಕು. ಮೇಸನ್‌ಗೆ 1815ರಲ್ಲಿ ವಿಲಿಯಂ ಮೇಸನ್ ನಿವೇಶನ ಗುರುತಿಸಿ ಇಟ್ಟ ಹೆಸರು ಪಲ್ಮೈರಾ. ಅದು ಗೊತ್ತಿಲ್ಲದೆ ನಾನು ಎಷ್ಟೋ ಕಾಗದ ದಾಟಿಸಿಬಿಟ್ಟಿದ್ದೆ.

ಇನ್ನು ಕಾಗದದ ಕಡೆ. ಕೌಂಟಿ ಹುಟ್ಟಿದ್ದು ಯಾವಾಗ, ಯಾವುದರ ಹೊಟ್ಟೆಯಿಂದ ಅಂತ ಮೊದಲು ನೋಡಿ. ವಾರನ್ ಹುಟ್ಟಿದ್ದು 1803ರಲ್ಲಿ, ಹ್ಯಾಮಿಲ್ಟನ್ ಕೌಂಟಿಯಿಂದ. ಅಂದರೆ 1803ಕ್ಕಿಂತ ಹಿಂದಿನ ಖರೀದಿ, ಮದುವೆ, ಉಯಿಲು ಎಲ್ಲ ಹ್ಯಾಮಿಲ್ಟನ್‌ನ ಕೇಂದ್ರವಾದ ಸಿನ್ಸಿನಾಟಿಗೆ ಸೇರಿದ್ದು. ಅಲ್ಲಿನ ಕೋರ್ಟ್ ಕಟ್ಟಡಕ್ಕೆ 1884ರ ದಂಗೆಯಲ್ಲಿ ಬೆಂಕಿ ಬಿದ್ದು ಬಹಳಷ್ಟು ದಾಖಲೆ ಸುಟ್ಟುಹೋಯಿತು. ಜನಗಣತಿ 1790ರಿಂದ ಇದೆ ನಿಜ, ಆದರೆ ಒಹಾಯೊದ 1810ರ ಗಣತಿ ಒಂದು ಕೌಂಟಿ ಬಿಟ್ಟು ಉಳಿದಿಲ್ಲ. ನಮ್ಮಲ್ಲಿ ಶುರು 1820ರಿಂದ. ಅದರಲ್ಲೂ ಯಜಮಾನನ ಹೆಸರೊಂದೇ, ಮಿಕ್ಕವರು ಗಂಡು ಇಷ್ಟು, ಹೆಣ್ಣು ಇಷ್ಟು ಅಂತ ಲೆಕ್ಕ. ಮನೆಯವರೆಲ್ಲರ ಹೆಸರು ಬರುವುದು 1850ರಿಂದ.

ಗಣತಿ ಇಲ್ಲದ ಕಾಲಕ್ಕೆ ಕಂದಾಯದ ಪಟ್ಟಿಯೇ ಗತಿ. ಒಹಾಯೊದ 1800ರಿಂದ 1850ರವರೆಗಿನ ಪಟ್ಟಿಗಳು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಇವೆ, ಖಾತೆ ತೆರೆದರೆ ಸಾಕು, ದುಡ್ಡಿಲ್ಲ. ವರ್ಷ ವರ್ಷ ನೋಡುತ್ತಾ ಹೋಗಿ. ಹೆಸರು ಯಾವ ವರ್ಷ ಕಾಣಿಸಿತು, ಯಾವ ವರ್ಷ ಮಾಯವಾಯಿತು, ಎರಡನ್ನೂ ಬರೆದಿಡಿ.

ನಾನು ಎಡವಿದ್ದು ಇಲ್ಲೇ. ಪುಸ್ತಕದಲ್ಲಿ ತಾತ 1797ರಲ್ಲಿ ಬಂದ ಅಂತಿತ್ತು. ಪಟ್ಟಿಯಲ್ಲಿ ಅದೇ ಹೆಸರಿನ ಮುಂದೆ 'ಜೂನಿಯರ್', ಕೆಳಗೆ ಇನ್ನೊಂದರ ಮುಂದೆ 'ಸೀನಿಯರ್'. ಅಪ್ಪ ಮಗ ಅಂದುಕೊಂಡು ಮೂರು ತಿಂಗಳು ವಂಶವೃಕ್ಷ ಬರೆದೆ. ಆ ಕಾಲದಲ್ಲಿ ಆ ಪದಕ್ಕೆ ಹಿರಿಯ, ಕಿರಿಯ ಅಂತ ಅಷ್ಟೇ ಅರ್ಥ, ನೆಂಟರೇ ಆಗಿರಬೇಕೆಂದಿಲ್ಲ. ಪಟ್ಟಿಯಲ್ಲಿ ಹಳ್ಳದ ಹೆಸರಿಗೆ ಒಂದು ಕಾಲಂ ಇತ್ತು. ಒಬ್ಬನದು ಮಡ್ಡಿ ಕ್ರೀಕ್, ಇನ್ನೊಬ್ಬನದು ಸೀಸರ್ ಕ್ರೀಕ್, ಲಿಟಲ್ ಮಯಾಮಿ ನದಿಯ ಆಚೆ. ಆಮೇಲೆ ಗೊತ್ತಾಯಿತು, ಅವರು ಚಿಕ್ಕಪ್ಪ ಮತ್ತು ಅಣ್ಣನ ಮಗ. ಚಿಕ್ಕಮ್ಮನನ್ನು ಹುಡುಗನಿಗೇ ಮದುವೆ ಮಾಡಿಸಿ ಕೂತಿದ್ದೆ! ನಮ್ಮ ಕೌಂಟಿಯ ಕೇಂದ್ರವಾದ ಲೆಬನನ್ ಊರಿನ ವಂಶಾವಳಿ ಸಂಘದಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ನನ್ನ ಹಾಳೆ ನೋಡಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಅವರೇ ಹೇಳಿಕೊಟ್ಟದ್ದು, ಮನುಷ್ಯನನ್ನು ಹೆಸರಿನಿಂದ ಹುಡುಕಬೇಡ, ನೆಲದಿಂದ ಹುಡುಕು ಅಂತ.

ನೆಲದ ವಿಷಯಕ್ಕೆ ಬಂದರೆ, ಸರ್ಕಾರ ನೇರವಾಗಿ ಮಾರಿದ ಜಮೀನಿನ ಪಟ್ಟೆಗಳನ್ನು ಜನರಲ್ ಲ್ಯಾಂಡ್ ಆಫೀಸ್ ತಾಣದಲ್ಲಿ ನೋಡಬಹುದು. ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ, ನಾನೂ ಓಡಿದೆ, ಏನೂ ಸಿಗಲಿಲ್ಲ. ಕಾರಣ ಇದೆ. ಮೇಸನ್ ಇರುವ ಭಾಗವನ್ನು ಜಾನ್ ಕ್ಲೀವ್ಸ್ ಸಿಮ್ಸ್ ಅನ್ನುವವನು ಸಗಟಾಗಿ ಕೊಂಡಿದ್ದ. 1794ರಲ್ಲಿ ಅವನಿಗೆ 3,11,682 ಎಕರೆಗೆ ಒಂದೇ ಪಟ್ಟೆ ಆಯಿತು. ರೈತರು ಕೊಂಡದ್ದು ಅವನಿಂದ, ಹಾಗಾಗಿ ಅವರ ಹೆಸರು ಕೌಂಟಿಯ ಕ್ರಯಪತ್ರದಲ್ಲಿ ಮಾತ್ರ. ಈ ಮಹಾಶಯ ತನ್ನದಲ್ಲದ ನೆಲವನ್ನೂ ಮಾರಿದ್ದ. ಕೊಂಡವರ ಗತಿಗೆ ಸಂಸತ್ತೇ 1799ರಲ್ಲಿ ಕಾನೂನು ಮಾಡಬೇಕಾಯಿತು. ಇನ್ನು ಲಿಟಲ್ ಮಯಾಮಿ ನದಿಯ ಪೂರ್ವಕ್ಕೆ ವರ್ಜೀನಿಯಾ ಸೈನಿಕರಿಗೆ ಮೀಸಲಿಟ್ಟ ನೆಲ. ಅಲ್ಲಿ ನೆಲವನ್ನು ಚೌಕ ಚೌಕವಾಗಿ ಅಳೆದು ಕೊಡುವ ಸೆಕ್ಷನ್ ನಂಬರ್ ಇಲ್ಲ, ನಮ್ಮ ಹಾಗೆ ಚಕ್ಕುಬಂದಿ. 'ಬಿಳಿ ಓಕ್ ಮರದಿಂದ ಇಷ್ಟು ಪೋಲ್, ಅಲ್ಲಿಂದ ಹಳ್ಳದವರೆಗೆ ಇಷ್ಟು ಪೋಲ್' ಅಂತ ಬರುತ್ತದೆ. ಒಂದು ಪೋಲ್ ಹದಿನಾರೂವರೆ ಅಡಿ. ನಮ್ಮ ಒಂದು ಗುಂಟೆ ಅಂದರೆ 33 ಅಡಿ ಚೌಕ, ಅಂದರೆ ಎರಡು ಪೋಲ್‌ಗೆ ಎರಡು ಪೋಲ್! ಎರಡೂ ನೆಲ ಅಳೆಯುವ ಅದೇ ಇಂಗ್ಲಿಷರ ಸರಪಳಿಯ ಮಕ್ಕಳು. ಇದು ಗೊತ್ತಾದ ದಿನ ನನಗೆ ಸುಮ್ನೆ ಖುಷಿಯಾಯಿತು.

ಕ್ರಯಪತ್ರಕ್ಕೆ ಎರಡು ಸೂಚಿ ಇರುತ್ತವೆ, ಮಾರಿದವರದು ಮತ್ತು ಕೊಂಡವರದು. ಎರಡನ್ನೂ ನೋಡಿ. ಮಾರಿದ ಪತ್ರವೇ ಜಾಸ್ತಿ ಮಾತಾಡುತ್ತದೆ. ಯಾಕೆಂದರೆ ಗಂಡ ಜಮೀನು ಮಾರಿದಾಗ ಹೆಂಡತಿ ತನ್ನ ಹಕ್ಕು ಬಿಟ್ಟುಕೊಡಬೇಕಿತ್ತು. ಗಂಡ ಸತ್ತರೆ ಅವಳಿಗೆ ಜಮೀನಿನ ಮೂರನೇ ಒಂದು ಪಾಲಿನ ಹಕ್ಕು, ಅದಕ್ಕೆ ಡವರ್ ಅಂತ ಹೆಸರು. ಅಧಿಕಾರಿ ಅವಳನ್ನು ಗಂಡನಿಂದ ದೂರ ಕೂರಿಸಿ, ಒಪ್ಪಿಗೆಯಿಂದ ಕೊಡುತ್ತಿದ್ದೀಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದ. ಪುಸ್ತಕದಲ್ಲಿ 'ಅವನ ಪತ್ನಿ' ಅಂತ ಮಾತ್ರ ಇದ್ದ ಹೆಂಗಸಿಗೆ ನನಗೆ ಹೆಸರು ಸಿಕ್ಕಿದ್ದು ಆ ಸಾಲಿನಲ್ಲಿ. ಅಪ್ಪ ಸತ್ತ ಮೇಲೆ ಮಕ್ಕಳೆಲ್ಲ ಸೇರಿ ಮಾರಿದ ಪತ್ರ ಸಿಕ್ಕರಂತೂ ಹಬ್ಬ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅವರ ಗಂಡಂದಿರು, ಯಾರ್ಯಾರು ಯಾವ ರಾಜ್ಯಕ್ಕೆ ಗುಳೆ ಹೋದರು, ಎಲ್ಲ ಒಂದೇ ಹಾಳೆಯಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟ ಸತ್ತವರ ಆಸ್ತಿಯ ಕಡತ. ಒಹಾಯೊದಲ್ಲಿ 1852ರಿಂದ ಇದು ಪ್ರೊಬೇಟ್ ಕೋರ್ಟಿನದು, ಅದಕ್ಕೆ ಮೊದಲು ಕಾಮನ್ ಪ್ಲೀಸ್ ಕೋರ್ಟಿನದು. ಉಯಿಲು ಒಂದನ್ನೇ ನೋಡಿ ಎದ್ದು ಬರಬೇಡಿ, ಇಡೀ ಕಟ್ಟು ಬಿಚ್ಚಿ. ನಾನು ನೋಡಿದ ಕಟ್ಟಿನಲ್ಲಿ ಹರಾಜಿನ ಪಟ್ಟಿ ಇತ್ತು. ಕಂದುಬಣ್ಣಕ್ಕೆ ತಿರುಗಿದ ಮಸಿ, ಬಾಗಿದ ಅಕ್ಷರ. ಕೆಂಪು ಹಸು, ಕೊಡಲಿ, ಎರಡು ಹಾಸಿಗೆ, ಕಬ್ಬಿಣದ ಪಾತ್ರೆ, ಮುಂದೆ ಕೊಂಡವರ ಹೆಸರು. ನಡುವೆ ಒಂದು ನೂಲುವ ರಾಟೆ, ಒಂದು ಡಾಲರ್. ಕೊಂಡವಳು 'ವಿಧವೆ' ಅಂತಿತ್ತು. ತನ್ನ ರಾಟೆಯನ್ನು ತಾನೇ ಹರಾಜಿನಲ್ಲಿ ಕೊಂಡಿದ್ದಳು. ಆ ದಿನ ಮುಂದಿನ ಹಾಳೆ ತಿರುಗಿಸಲು ಮನಸ್ಸಾಗಲಿಲ್ಲ.

ಅದೇ ಕಟ್ಟಿನಲ್ಲಿ ಮಕ್ಕಳಿಗೆ ಪಾಲಕರನ್ನು ನೇಮಿಸಿದ ಕಾಗದವೂ ಇರಬಹುದು. ತಾಯಿ ಬದುಕಿದ್ದರೂ ಅಲ್ಲಿ ಮಕ್ಕಳನ್ನು 'ಅನಾಥರು' ಅಂತ ಬರೆಯುತ್ತಾರೆ, ಗಾಬರಿಯಾಗಬೇಡಿ, ಅಪ್ಪ ಇಲ್ಲ ಅಂತ ಅಷ್ಟೇ. ಕೊಂಡವರು, ಸಾಕ್ಷಿ ಹಾಕಿದವರು, ಜಾಮೀನು ನಿಂತವರು, ಎಲ್ಲರ ಹೆಸರೂ ಬರೆದುಕೊಳ್ಳಿ. ಪರವೂರಿಂದ ಬಂದವರು ನಂಟರ ಗುಂಪಿನಲ್ಲೇ ಬರುತ್ತಿದ್ದರು. ನಿಮ್ಮವನ ಮೂಲ ಊರು ತಿಳಿಯದಿದ್ದರೆ ಪಕ್ಕದ ಹೊಲದವನದು ಹುಡುಕಿ. ವೇಯ್ನ್ಸ್‌ವಿಲ್ ಕಡೆಯ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರಾದರೆ ನೀವು ಅದೃಷ್ಟವಂತರು. ಯಾರು ಯಾವ ಸಭೆಯಿಂದ ಪತ್ರ ತಂದು ಸೇರಿದರು ಅಂತ ಅವರೇ ಬರೆದಿಟ್ಟಿದ್ದಾರೆ.

ಒಂದು ಮಾತು ಹೇಳಲೇಬೇಕು. ಈ ಪುಸ್ತಕಗಳಲ್ಲಿ 'ಮೊದಲ ನಿವಾಸಿ' ಅಂದರೆ ಮೊದಲ ಬಿಳಿಯ ಅಂತ ಅರ್ಥ. ಇಲ್ಲಿನ ಮೂಲನಿವಾಸಿಗಳಾದ ಶಾನಿ, ಮಯಾಮಿ ಜನ ಈ ನೆಲ ಬಿಟ್ಟುಕೊಡಬೇಕಾಗಿ ಬಂದದ್ದು 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ. ಇದೇ ಕೌಂಟಿಯ ಫೋರ್ಟ್ ಏನ್ಶಂಟ್‌ನ ಮಣ್ಣಿನ ಗೋಡೆಗಳು ಅವರಿಗಿಂತಲೂ ಎಷ್ಟೋ ಹಳೆಯವು. ಗುಲಾಮರಾಗಿದ್ದವರ ಮನೆತನ ಹುಡುಕುವವರಿಗೆ ದಾರಿ ಇನ್ನೂ ಕಷ್ಟ, ಅವರಲ್ಲಿ ಹೆಚ್ಚಿನವರ ಹೆಸರು ಗಣತಿಯಲ್ಲಿ ಮೊದಲು ಬರುವುದೇ 1870ರಲ್ಲಿ.

ಕೊನೆಗೆ ಕಲ್ಲುಗಳು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಇಳಿಬಿಸಿಲಲ್ಲಿ ಹೋಗಿ, ಇಲ್ಲವೇ ಕನ್ನಡಿಯಿಂದ ಓರೆಯಾಗಿ ಬೆಳಕು ಬಿಡಿ. ಹೆಂಗಸಿನ ಕಲ್ಲಿನ ಮೇಲೆ 'ಕಾನ್ಸಾರ್ಟ್' ಅಂತಿದ್ದರೆ ಸಾಮಾನ್ಯವಾಗಿ ಗಂಡ ಬದುಕಿದ್ದಾಗ ತೀರಿಕೊಂಡವಳು, 'ರೆಲಿಕ್ಟ್' ಅಂತಿದ್ದರೆ ವಿಧವೆ. ಅಕ್ಟೋಬರಿನ ಒಂದು ಸಂಜೆ, ನನ್ನ ಮಗಳು ಕನ್ನಡಿ ಹಿಡಿದು ನಿಂತಿದ್ದಾಗ, ಐದನೇ ಕಲ್ಲಿನ ಮೇಲೆ ಮೊದಲು ಕಂಡದ್ದು 'ರೆಲಿಕ್ಟ್'. ಅದರ ಮೇಲಿನ ಸಾಲಲ್ಲಿ, ಕ್ರಯಪತ್ರದಲ್ಲಿ ಓದಿದ ಅದೇ ಹೆಸರು.