ಮಗುವಿನ ಕೇಸಿಗೆ ಫಾದರ್ ಹತ್ರ ಪತ್ರ ಕೇಳುವುದು ಹೇಗೆ?

ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಹತ್ರ ಇರಬೇಕೆಂಬ ಜಗಳ ಕೋರ್ಟಿಗೆ ಹೋದರೆ ಸಾಕು, ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ಕ್ಯಾಥೊಲಿಕ್ ಮನೆಯವರು ಚರ್ಚಿಗೆ ಓಡುತ್ತಾರೆ. ‘ಫಾದರ್, ಒಂದು ಪತ್ರ ಕೊಡಿ.’ ಎಷ್ಟೋ ಸಲ ಆ ಪತ್ರವೇ ಕೇಸನ್ನು ಕೆಡಿಸುತ್ತದೆ.

1. ಜ್ಞಾನಸ್ನಾನದ (ಬ್ಯಾಪ್ಟಿಸಮ್) ಸರ್ಟಿಫಿಕೇಟ್ ಬೇಕಿದ್ದರೆ ಚರ್ಚ್ ಆಫೀಸಿನಲ್ಲಿ ಅರ್ಜಿ ಕೊಡಿ. ಅಷ್ಟೇ.

2. ಇಬ್ಬರನ್ನೂ ಬಲ್ಲ ಫಾದರ್ ಹತ್ರ ಹೋಗಿ. ನಿಮ್ಮ ಚಿಕ್ಕಪ್ಪನೇ ಫಾದರ್ ಆಗಿದ್ದರೆ ಅವರನ್ನು ಬಿಟ್ಟುಬಿಡಿ. ಎದುರು ಕಡೆ ವಕೀಲರು ಮೊದಲು ಹಿಡಿಯುವುದೇ ಅದನ್ನು.

3. ಈಗ ಪತ್ರ. ಎಡವುವುದು ಇಲ್ಲೇ. ‘ತಾಯಿ ಪೂಜೆಗೆ ಬರುವುದಿಲ್ಲ, ನಡತೆ ಸರಿಯಿಲ್ಲ’ ಎಂದು ಬರೆಸಬೇಡಿ. 1890ರ ಪಾಲಕರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೋರ್ಟ್ ನೋಡುವುದು ಮಗುವಿನ ಹಿತ. ಧರ್ಮವನ್ನೂ ಗಮನಿಸುತ್ತಾರೆ ನಿಜ, ಆದರೆ ವಯಸ್ಸು, ತಂದೆ ತಾಯಿಯ ಗುಣ ಸ್ವಭಾವ, ತಿಳಿವಳಿಕೆ ಬಂದ ಮಗುವಿನ ಇಷ್ಟ, ಇವೆಲ್ಲದರ ಜೊತೆಗೆ. ಮಕ್ಕಳು ತಂದೆ ತಾಯಿಯ ಆಸ್ತಿಯೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಅದು ರೋಸಿ ಜೇಕಬ್ ಪ್ರಕರಣ. ಅವರೂ ಕ್ರೈಸ್ತ ದಂಪತಿಯೇ.

ಹಾಗಾದರೆ ಏನು ಬರೆಸಬೇಕು? ಫಾದರ್ ಕಣ್ಣಾರೆ ಕಂಡಿದ್ದು ಮಾತ್ರ. ‘ಜೂನ್‌ನಿಂದ ಭಾನುವಾರದ ಧರ್ಮೋಪದೇಶ ತರಗತಿಗೆ ಹುಡುಗನನ್ನು ತಂದೆ ಕರೆತರುತ್ತಾರೆ. ಮಳೆಗಾಲದಲ್ಲಿ ಎರಡು ವಾರ ಬರಲಿಲ್ಲ. ತಾಯಿ ಬಂದ ದಿನ ಹುಡುಗ ಓಡಿಹೋಗಿ ಅವರ ಪಕ್ಕ ಕೂತ.’ ಕೊನೆಯ ಸಾಲು ನಿಮಗೆ ಹಿಡಿಸದಿರಬಹುದು, ಇರಲಿ ಬಿಡಿ. ಅದಿದ್ದರೇನೇ ಜಡ್ಜ್ ಉಳಿದಿದ್ದನ್ನೂ ನಂಬುವುದು. ‘ಮಗು ಇವರಿಗೇ ಸೇರಬೇಕು’ ಎಂದು ಬರೆಯುವುದು ಫಾದರ್ ಕೆಲಸವಲ್ಲ. ಆಮೇಲೆ ಅವರನ್ನೇ ಸಾಕ್ಷಿ ಕಟ್ಟೆಗೆ ಕರೆದು ಪ್ರತಿ ಸಾಲಿಗೂ ಪ್ರಶ್ನೆ ಹಾಕಬಹುದು.

ಪಾಪನಿವೇದನೆಯ, ಅಂದರೆ ಫಾದರ್ ಹತ್ರ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವುದರ ಸುದ್ದಿಯಂತೂ ಎತ್ತಲೇಬೇಡಿ. ‘ಅವಳು ನಿಮ್ಮ ಹತ್ರ ಒಪ್ಪಿಕೊಂಡಿದ್ದಾಳೆ ಅಲ್ವಾ ಫಾದರ್?’ ಎಂದು ಕೆಣಕುವವರಿದ್ದಾರೆ. ಚರ್ಚಿನ ಕಾನೂನಿನ 983ನೇ ವಿಧಿ ಫಾದರ್ ಬಾಯಿಗೆ ಬೀಗ ಹಾಕಿದೆ. ಅಲ್ಲಿ ಕೇಳಿದ್ದನ್ನು ಸೂಚ್ಯವಾಗಿ ಹೇಳಿದರೂ ತಪ್ಪೇ.

ವಕೀಲರ ಆಫೀಸಿನಲ್ಲಿ ಟೈಪ್ ಮಾಡಿಸಿ ತಂದು ‘ಸುಮ್ನೆ ಒಂದು ಸೈನ್ ಹಾಕಿ’ ಅನ್ನುವುದು ಇನ್ನೊಂದು ಅಡ್ಡದಾರಿ. ಎಲ್ಲದರಲ್ಲೂ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅಂಥದ್ದಕ್ಕೆ ಸಹಿ ಹಾಕುವ ಫಾದರ್ ಇದ್ದರೆ ಅವರ ಪತ್ರವೇ ಬೇಡ. ಫಾದರ್ ತಮ್ಮ ಮಾತಿನಲ್ಲೇ ಬರೆಯಲಿ, ತಾರೀಕು ಹಾಕಲಿ. ಪ್ರತಿಯನ್ನು ಎದುರಿನವರಿಗೂ ಕೊಡುತ್ತೇನೆ ಎಂದರೆ ಬೇಡ ಅನ್ನಬೇಡಿ.

4. ಚರ್ಚ್ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದಿದ್ದರೆ ಆ ತೀರ್ಪನ್ನೇ ನೆಚ್ಚಿಕೊಳ್ಳಬೇಡಿ. ಸರ್ಕಾರಿ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಮಗು ಯಾರ ಹತ್ರ ಇರಬೇಕೆಂದು ಹೇಳುವುದು ಕೌಟುಂಬಿಕ ನ್ಯಾಯಾಲಯವೇ.

5. ಮಗುವಿಗೆ ಹೊಡೆತ ಬೀಳುತ್ತಿದೆ ಎಂದು ಗೊತ್ತಾದರೆ ಪತ್ರ ಪಕ್ಕಕ್ಕಿಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ‘ಮೊದಲು ಬಿಷಪ್ ಹತ್ರ ಮಾತಾಡೋಣ’ ಎಂದು ಯಾರಾದರೂ ಅಂದರೆ ಕಾಯಬೇಡಿ.